ಪ್ರವಾಸ ಪ್ರಶ್ನೋತ್ತರ: ಲಂಡನ್‌ನಲ್ಲಿ ಒಬ್ಬರೇ ಒಂದು ದಿನ

ಪರದೇಶದ ದೊಡ್ಡ ನಗರವೊಂದನ್ನು ಜೊತೆಗಾರರಿಲ್ಲದೆ ನೋಡುವ ಬಗ್ಗೆ ಬಂದ ಪತ್ರಗಳಲ್ಲಿ ಲಂಡನ್‌ಗೆ ಸಂಬಂಧಿಸಿದ ನಾಲ್ಕನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ. ಮೊದಲ ಪತ್ರದ ಉತ್ತರದಲ್ಲಿ ಹೇಳಿರುವ ಪ್ರಯಾಣದ ವಿವರಗಳು ಉಳಿದ ಮೂವರಿಗೂ ಅನ್ವಯಿಸುವುದರಿಂದ ಅವನ್ನು ಮತ್ತೆ ಬರೆದಿಲ್ಲ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ವಯಸ್ಸು 61. ಮಗಳು ಮತ್ತು ಅಳಿಯ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾರೆ, ಇಬ್ಬರೂ ಕೆಲಸಕ್ಕೆ ಹೋಗುವವರು. ರಜೆಯ ದಿನ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾರಾದರೂ ಮೊಮ್ಮಗುವಿನ ಊಟ, ನಿದ್ದೆಯ ಹೊತ್ತು ನೋಡಿಕೊಂಡು ಎಲ್ಲವನ್ನೂ ಓಡೋಡಿ ನೋಡಬೇಕಾಗುತ್ತದೆ. ಮುಂದಿನ ತಿಂಗಳು ಮತ್ತೆ ಹೊರಟಿದ್ದೇನೆ. ಈ ಸಲ ವಾರದ ನಡುವೆ ಒಂದು ದಿನ ನಾನೊಬ್ಬಳೇ ಲಂಡನ್‌ಗೆ ಹೋಗಿ ಸಂಜೆಯೊಳಗೆ ಬರಬೇಕೆಂಬ ಆಸೆ. ‘ದಾರಿ ತಪ್ಪಿದರೆ ಏನು ಮಾಡ್ತೀಯಮ್ಮ’ ಎಂದು ಮಗಳಿಗೆ ಆತಂಕ. ಇಂಗ್ಲಿಷ್ ಓದಲು ಬರೆಯಲು ತೊಂದರೆಯಿಲ್ಲ, ಆದರೆ ಅವರ ಮಾತಿನ ಧಾಟಿ ಬೇಗ ಅರ್ಥವಾಗುವುದಿಲ್ಲ. ಮಂಡಿ ನೋವೂ ಸ್ವಲ್ಪ ಇದೆ. ಹೋಗಬಹುದೇ? ಏನನ್ನು ನೋಡಲಿ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ಹೋಗಿಬನ್ನಿ. ಓಡೋಡಿ ನೋಡುವುದು ಸಾಕಾಗಿದೆ ಎಂದು ಬರೆದಿದ್ದೀರಿ. ಏನನ್ನು ನೋಡಬೇಕೆಂಬ ಪ್ರಶ್ನೆಗೆ ನನ್ನ ಉತ್ತರವೂ ಅಲ್ಲಿಂದಲೇ ಶುರುವಾಗುತ್ತದೆ. ಒಬ್ಬರೇ ತಿರುಗಾಡುವಾಗ ಒಂದು ಶಿಲ್ಪದ ಮುಂದೆ ಅರ್ಧ ಗಂಟೆ ನಿಂತರೂ ‘ಹೊರಡೋಣವೇ’ ಎಂದು ಕೇಳುವವರಿರುವುದಿಲ್ಲ. ಆ ಸ್ವಾತಂತ್ರ್ಯ ಸಿಕ್ಕ ದಿನವೂ ಹತ್ತು ಜಾಗಗಳ ಪಟ್ಟಿ ಹಿಡಿದು ಹೊರಟರೆ, ನಿಮ್ಮನ್ನು ಅವಸರಪಡಿಸುವ ಕೆಲಸವನ್ನು ಆ ಪಟ್ಟಿಯೇ ಮಾಡುತ್ತದೆ. ಆದ್ದರಿಂದ ಒಂದು ವಸ್ತುಸಂಗ್ರಹಾಲಯ, ಒಂದು ಬಸ್ ಪ್ರಯಾಣ, ಥೇಮ್ಸ್ ನದಿಯ ದಂಡೆಯಲ್ಲಿ ಒಂದು ನಡಿಗೆ, ಇಷ್ಟನ್ನು ಮಾತ್ರ ಇಟ್ಟುಕೊಳ್ಳಿ. ಲಂಡನ್ ಐ ಚಕ್ರ, ಮೇಣದ ಪ್ರತಿಮೆಗಳು, ಅರಮನೆಯ ಕಾವಲು ಬದಲಾವಣೆ ಇವೆಲ್ಲ ಮೊಮ್ಮಗುವಿನ ಜೊತೆ ನೋಡಿದರೇ ಚೆನ್ನ.

ಮೊದಲು ಹಣದ ವಿಚಾರ, ಏಕೆಂದರೆ ಅದನ್ನು ಶಿವಮೊಗ್ಗದಲ್ಲಿ ಇರುವಾಗಲೇ ಸರಿಮಾಡಿಕೊಳ್ಳಬೇಕು. ಲಂಡನ್ನಿನ ಬಸ್ಸುಗಳಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ. ಬಸ್ಸಿಗೂ ರೈಲಿಗೂ ಬ್ಯಾಂಕ್ ಕಾರ್ಡನ್ನು ಯಂತ್ರಕ್ಕೆ ತಾಗಿಸಿದರೆ ಸಾಕು, ಟಿಕೆಟ್ ಕೊಳ್ಳಬೇಕಾಗಿಲ್ಲ. ಆದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ನಮ್ಮ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮತ್ತು ತಾಗಿಸಿ ಪಾವತಿಸುವ ಸೌಲಭ್ಯ ಎರಡೂ ಆರಂಭದಲ್ಲಿ ಬಂದ್ ಆಗಿರುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲೋ ಶಾಖೆಯಲ್ಲೋ ಅವನ್ನು ಆರಂಭಿಸಿಕೊಳ್ಳಿ. ರುಪೇ ಕಾರ್ಡನ್ನು ನಂಬಿಕೊಳ್ಳದೆ ವೀಸಾ ಅಥವಾ ಮಾಸ್ಟರ್ ಕಾರ್ಡ್ ಇಟ್ಟುಕೊಳ್ಳಿ. ರೈಲು ಹತ್ತುವಾಗ ಯಾವ ಕಾರ್ಡನ್ನು ತಾಗಿಸುತ್ತೀರೋ ಇಳಿದು ಹೊರಬರುವಾಗಲೂ ಅದನ್ನೇ ತಾಗಿಸಬೇಕು. ಬೇರೆ ಕಾರ್ಡ್ ಹಿಡಿದರೆ ಎರಡು ಅರ್ಧಂಬರ್ಧ ಪ್ರಯಾಣಗಳೆಂದು ಲೆಕ್ಕವಾಗಿ ಹೆಚ್ಚು ಹಣ ಕಡಿತವಾಗುತ್ತದೆ. ಬಸ್ಸಿನಲ್ಲಿ ಹತ್ತುವಾಗ ಮಾತ್ರ ತಾಗಿಸಿದರೆ ಸಾಕು. ಪರಿಚಯದವರು ಆಯ್ಸ್ಟರ್ ಕಾರ್ಡ್ (ಲಂಡನ್ ಸಾರಿಗೆಯಲ್ಲಿ ಹಣ ತುಂಬಿಸಿ ಬಳಸುವ ಕಾರ್ಡ್) ಕೊಟ್ಟರೆ ಅದನ್ನು ರೆಡಿಂಗ್‌ನಿಂದ ಬಳಸಲು ಹೋಗಬೇಡಿ, ಅದು ಅಲ್ಲಿಯವರೆಗೆ ನಡೆಯುವುದಿಲ್ಲ.

ಇನ್ನು ದಾರಿ. ರೆಡಿಂಗ್‌ನಿಂದ ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣಕ್ಕೆ ವೇಗದ ರೈಲು ಅರ್ಧ ಗಂಟೆಯೊಳಗೆ ಮುಟ್ಟಿಸುತ್ತದೆ. ಆದರೆ ಹೋಗುವಾಗ ನೀವು ಎಲಿಜಬೆತ್ ಲೈನ್ ರೈಲನ್ನೇ ಹತ್ತಿರಿ. ನಗರದ ನಡುವೆ 2022ರಲ್ಲಿ ಆರಂಭವಾದ ಈ ಮಾರ್ಗದ ರೈಲು ನಿಧಾನ, ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ. ಆದರೂ ಅದರ ಪ್ರಯಾಣ ಪ್ಯಾಡಿಂಗ್ಟನ್‌ನಲ್ಲಿ ಮುಗಿಯದೆ ಮುಂದೆ ನೆಲದಡಿ ಸಾಗಿ ಟಾಟನ್‌ಹ್ಯಾಮ್ ಕೋರ್ಟ್ ರೋಡ್ ನಿಲ್ದಾಣಕ್ಕೆ ಹೋಗುತ್ತದೆ, ಎಲ್ಲಿಯೂ ರೈಲು ಬದಲಾಯಿಸುವ ಗೋಜಿಲ್ಲ. ಈ ಮಾರ್ಗದ ನಿಲ್ದಾಣಗಳಲ್ಲಿ ಲಿಫ್ಟ್ ಇರುವುದರಿಂದ ನಿಮ್ಮ ಮಂಡಿಗೂ ತ್ರಾಸವಿಲ್ಲ. ಎಸ್ಕಲೇಟರ್ ಹತ್ತಿದರೆ ಬಲಗಡೆ ನಿಲ್ಲಿ; ಎಡಭಾಗ ಅವಸರದಲ್ಲಿ ಹತ್ತುವವರಿಗೆ ಮೀಸಲು. ಬೆಳಿಗ್ಗೆ 9.30ರ ನಂತರ ಹೊರಟರೆ ದರವೂ ಕಡಿಮೆ, ಕಚೇರಿಗೆ ಹೋಗುವವರ ನೂಕುನುಗ್ಗಲೂ ತಗ್ಗಿರುತ್ತದೆ.

ನಿಲ್ದಾಣದಿಂದ ಬ್ರಿಟಿಷ್ ಮ್ಯೂಸಿಯಂ ಹತ್ತು ನಿಮಿಷದ ನಡಿಗೆ. 1753ರಲ್ಲಿ ಸ್ಥಾಪನೆಯಾಗಿ 1759ರಲ್ಲಿ ಜನರಿಗೆ ತೆರೆದ ಈ ಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ಜಾಲತಾಣದಲ್ಲಿ ಮೊದಲೇ ಉಚಿತ ಟಿಕೆಟ್ ಪಡೆದಿದ್ದರೆ ಬಾಗಿಲಲ್ಲಿ ಕಾಯುವುದು ತಪ್ಪುತ್ತದೆ. ಒಳಗೆ ಹೋದವರೆಲ್ಲ ನೇರವಾಗಿ ರೊಸೆಟಾ ಶಿಲೆಯತ್ತ ಧಾವಿಸುತ್ತಾರೆ. ಕ್ರಿ.ಪೂ. 196ರ ಒಂದೇ ಶಾಸನವನ್ನು ಮೂರು ಲಿಪಿಗಳಲ್ಲಿ ಕೆತ್ತಿದ ಆ ಕಲ್ಲು ಈಜಿಪ್ಟಿನ ಚಿತ್ರಲಿಪಿಯನ್ನು ಓದಲು ದಾರಿ ಮಾಡಿಕೊಟ್ಟಿತು ಎಂದು ನೀವು ತರಗತಿಯಲ್ಲಿ ಹೇಳಿರಬಹುದು. ಗಾಜಿನ ಪೆಟ್ಟಿಗೆಯ ಸುತ್ತ ಮೊಬೈಲ್ ಎತ್ತಿ ಹಿಡಿದ ಕೈಗಳ ನಡುವೆ ಅದನ್ನು ನೆಮ್ಮದಿಯಾಗಿ ನೋಡುವುದು ಕಷ್ಟ. ಪ್ರವೇಶದ್ವಾರದ ಬಲಗಡೆ ಇರುವ ಒಂದನೆಯ ಕೊಠಡಿಯಲ್ಲಿ, ಹಳೆಯ ಪುಸ್ತಕದ ಕಪಾಟುಗಳ ನಡುವೆ, ಅದರ ಪ್ರತಿಕೃತಿಯನ್ನು ಇಟ್ಟಿದ್ದಾರೆ; ಅದನ್ನು ಕೈಯಿಂದ ಮುಟ್ಟಿ ನೋಡಬಹುದು. ಅಕ್ಷರಗಳ ಮೇಲೆ ಬೆರಳಾಡಿಸಿದರೆ ಅವು ಎಷ್ಟು ಸಣ್ಣವು, ಎಷ್ಟು ಒತ್ತೊತ್ತಾಗಿವೆ ಎಂಬುದು ತಿಳಿಯುತ್ತದೆ.

ನಿಮ್ಮ ಹೆಚ್ಚಿನ ಸಮಯವನ್ನು ನಾನು ಕೇಳುವುದು ಅಮರಾವತಿ ಶಿಲ್ಪಗಳಿಗಾಗಿ. 33ಎ ಸಂಖ್ಯೆಯ ಕೊಠಡಿಯಲ್ಲಿ, ಗಾಜಿನ ಗೋಡೆಯ ಒಳಗೆ, ಆಂಧ್ರದ ಅಮರಾವತಿ ಸ್ತೂಪದ ಬಿಳಿಚು ಸುಣ್ಣಕಲ್ಲಿನ ಫಲಕಗಳನ್ನು ಇಟ್ಟಿದ್ದಾರೆ. ಅವುಗಳಲ್ಲಿ ಒಂದು ಫಲಕಕ್ಕೆ ಎರಡೂ ಕಡೆ ಕೆತ್ತನೆ ಇದೆ. ಒಂದು ಮುಖದಲ್ಲಿ ಬೋಧಿವೃಕ್ಷ, ಅದರ ಕೆಳಗೆ ಬರಿದಾದ ಪೀಠ, ಸುತ್ತ ಕೈಮುಗಿದ ಭಕ್ತರು. ಬುದ್ಧನನ್ನು ಮನುಷ್ಯರೂಪದಲ್ಲಿ ತೋರಿಸದಿದ್ದ ಕಾಲದ ಕೆಲಸ ಅದು. ಕೆಲವು ಶತಮಾನಗಳ ನಂತರ ಅದೇ ಕಲ್ಲನ್ನು ಹಿಂದುಮುಂದಾಗಿಸಿ ಇನ್ನೊಂದು ಮುಖದಲ್ಲಿ ಇಡೀ ಸ್ತೂಪದ ಚಿತ್ರವನ್ನೇ ಕೆತ್ತಿದ್ದಾರೆ. ಸ್ತೂಪ ಈಗ ಉಳಿದಿಲ್ಲವಾದ್ದರಿಂದ ಅದು ಹೇಗಿತ್ತೆಂದು ತಿಳಿಯಲು ಈ ಕೆತ್ತನೆ ವಿದ್ವಾಂಸರಿಗೆ ದೊಡ್ಡ ಆಧಾರ. ಎರಡೂ ಬದಿಗೆ ಹೋಗಿ ನಿಂತು ನೋಡಿ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಉತ್ಖನನದಿಂದ ಹೊರಬಂದ ಸ್ತೂಪವೂ ಸುಣ್ಣಕಲ್ಲಿನದೇ, ಅದರ ಶಿಲ್ಪಗಳೂ ಇವಕ್ಕೆ ಹತ್ತಿರದ ಬಂಧುಗಳು. ಅಶೋಕನ ಹೆಸರನ್ನು ಬರೆದಿರುವ ಅವನ ಪ್ರಸಿದ್ಧ ಶಿಲ್ಪ ಸಿಕ್ಕಿದ್ದು ಅಲ್ಲಿಯೇ. ಸನ್ನತಿಯನ್ನು ನೀವು ನೋಡಿದ್ದರೆ ಈ ಕೊಠಡಿಯಲ್ಲಿ ಒಂದು ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ. ಸಿಬ್ಬಂದಿಯ ಕೊರತೆಯಿಂದಲೋ ದುರಸ್ತಿಯಿಂದಲೋ ಕೆಲವು ಕೊಠಡಿಗಳನ್ನು ಮುಚ್ಚುವುದುಂಟು, ಹೊರಡುವ ದಿನ ಬೆಳಿಗ್ಗೆ ಜಾಲತಾಣದಲ್ಲಿ ನೋಡಿಕೊಳ್ಳಿ.

ಮಧ್ಯಾಹ್ನದ ಊಟಕ್ಕೆ ಮನೆಯಿಂದ ಚಪಾತಿಯನ್ನೋ ಚಿತ್ರಾನ್ನವನ್ನೋ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿ, ಮ್ಯೂಸಿಯಂ ಹಿಂದಿನ ರಸೆಲ್ ಸ್ಕ್ವೇರ್ ಉದ್ಯಾನದ ಬೆಂಚಿನಲ್ಲಿ ಕುಳಿತು ತಿನ್ನಿ. ಸಂಕೋಚಪಡಬೇಕಾಗಿಲ್ಲ, ಸುತ್ತಲಿನ ಕಚೇರಿಗಳವರೂ ವಿದ್ಯಾರ್ಥಿಗಳೂ ಅಲ್ಲಿ ಹಾಗೆಯೇ ಊಟ ಮಾಡುತ್ತಿರುತ್ತಾರೆ.

ಅಲ್ಲಿಂದ ಟಾಟನ್‌ಹ್ಯಾಮ್ ಕೋರ್ಟ್ ರೋಡ್‌ಗೆ ಮರಳಿ ಪಿಮ್ಲಿಕೊ ಕಡೆಗೆ ಹೋಗುವ 24ನೆಯ ನಂಬರಿನ ಬಸ್ ಹಿಡಿಯಿರಿ. ಮಂಡಿ ಒಪ್ಪಿದರೆ ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕುಳಿತುಕೊಳ್ಳಿ. ಪುಸ್ತಕದಂಗಡಿಗಳಿಗೆ ಹೆಸರಾದ ಚೇರಿಂಗ್ ಕ್ರಾಸ್ ರಸ್ತೆ, ಟ್ರಫಾಲ್ಗರ್ ಚೌಕ, ಸರ್ಕಾರದ ಕಚೇರಿಗಳಿರುವ ವೈಟ್‌ಹಾಲ್, ಪ್ರಧಾನಿಯ ಮನೆಯಿರುವ ಡೌನಿಂಗ್ ಸ್ಟ್ರೀಟಿನ ಕಬ್ಬಿಣದ ಗೇಟು, ಇವಿಷ್ಟೂ ಸಾಮಾನ್ಯ ಬಸ್ಸಿನ ದರದಲ್ಲಿ ಕಾಣುತ್ತವೆ. ಇದಕ್ಕಾಗಿ ದುಬಾರಿ ಪ್ರವಾಸಿ ಬಸ್ಸಿನ ಟಿಕೆಟ್ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಪಾರ್ಲಿಮೆಂಟ್ ಚೌಕದಲ್ಲಿ ಇಳಿದರೆ ಗಾಂಧೀಜಿಯ ಕಂಚಿನ ಪ್ರತಿಮೆ ಇದೆ, 2015ರ ಮಾರ್ಚ್‌ನಲ್ಲಿ ಅನಾವರಣಗೊಂಡದ್ದು. ಅದೇ ಚೌಕದಲ್ಲಿ ಚರ್ಚಿಲ್ ಕೂಡ ನಿಂತಿದ್ದಾರೆ.

ವೆಸ್ಟ್‌ಮಿನ್ಸ್ಟರ್ ಸೇತುವೆಯ ಮೇಲೆ ಮಾತ್ರ ಹುಷಾರಾಗಿರಿ. ಮೂರು ಬಟ್ಟಲುಗಳ ಕೆಳಗೆ ಉಂಡೆ ಬಚ್ಚಿಟ್ಟು ಪಂದ್ಯ ಕಟ್ಟಿಸುವವರು ಅಲ್ಲಿ ಗುಂಪು ಸೇರಿಸುತ್ತಾರೆ. ಗೆದ್ದು ಕುಣಿಯುವವರೂ ಅವರ ಕಡೆಯವರೇ. ನಿಲ್ಲದೆ ಮುಂದೆ ಹೋಗಿ. ಸೇತುವೆ ದಾಟಿದ ಮೇಲೆ ಪ್ರವಾಸಿಗರು ಎಡಕ್ಕೆ, ಲಂಡನ್ ಐ ಕಡೆಗೆ ತಿರುಗುತ್ತಾರೆ. ನೀವು ಬಲಗಡೆಯ ಮೆಟ್ಟಿಲಿಳಿದು ಸೇಂಟ್ ಥಾಮಸ್ ಆಸ್ಪತ್ರೆಗೂ ನದಿಗೂ ನಡುವಿನ ಕಾಲುದಾರಿ ಹಿಡಿಯಿರಿ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ದಾದಿಯರ ಶಾಲೆ ತೆರೆದದ್ದು ಈ ಆಸ್ಪತ್ರೆಯಲ್ಲಿ. ದಾರಿಯ ಎಡಗಡೆ ಸುಮಾರು ಅರ್ಧ ಕಿಲೋಮೀಟರ್ ಉದ್ದದ ಕಲ್ಲಿನ ಗೋಡೆಯ ತುಂಬ ಕೈಯಿಂದ ಬರೆದ ಕೆಂಪು ಹೃದಯಗಳಿವೆ. ಕೋವಿಡ್‌ನಿಂದ ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದರಂತೆ, 2021ರ ಮಾರ್ಚ್‌ನಲ್ಲಿ ಮನೆಯವರನ್ನು ಕಳೆದುಕೊಂಡವರು ಬರೆಯಲು ಆರಂಭಿಸಿದರು. ಈಗ ಅವು ಎರಡು ಲಕ್ಷವನ್ನು ಮೀರಿವೆ. ಎಷ್ಟೋ ಹೃದಯಗಳ ಒಳಗೆ ಹೆಸರು, ತಾರೀಖು, ಒಂದು ಸಾಲಿನ ಮಾತು ಇವೆ. ಮಳೆ ಬಿಸಿಲಿಗೆ ಬಣ್ಣ ಮಾಸಿದಂತೆಲ್ಲ ಸ್ವಯಂಸೇವಕರು ಮತ್ತೆ ತುಂಬುತ್ತಾರೆ. ನದಿಯ ಆಚೆ ದಡದಲ್ಲಿ, ಈ ಗೋಡೆಗೆ ಸರಿಯಾಗಿ ಎದುರಿಗೆ, ಪಾರ್ಲಿಮೆಂಟ್ ಭವನವಿದೆ. ಆ ಸ್ಥಳವನ್ನು ಆಯ್ದುಕೊಂಡದ್ದರಲ್ಲಿ ಬಂಧುಗಳ ದುಃಖವೂ ಇದೆ, ಕೇಳಬೇಕಾದ ಪ್ರಶ್ನೆಯೂ ಇದೆ.

ಲ್ಯಾಂಬೆತ್ ಸೇತುವೆಯ ಬಳಿ ಕ್ಯಾಂಟರ್‌ಬರಿ ಆರ್ಚ್‌ಬಿಷಪ್ಪರ ಅರಮನೆಯ ಕೆಂಪಿಟ್ಟಿಗೆಯ ಹೆಬ್ಬಾಗಿಲನ್ನು ನೋಡಿಕೊಂಡು, ರಸ್ತೆ ದಾಟಿ ನದಿಯ ಗುಂಟ ಹಾಗೆಯೇ ಮುಂದುವರಿದರೆ ಬಸವಣ್ಣನವರ ಪ್ರತಿಮೆ ಸಿಗುತ್ತದೆ. ಲ್ಯಾಂಬೆತ್ ಮತ್ತು ವಾಕ್ಸ್‌ಹಾಲ್ ಸೇತುವೆಗಳ ನಡುವೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಎದೆಮಟ್ಟದ ಪ್ರತಿಮೆ ಅದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಯಕದವರನ್ನೂ ಹೆಣ್ಣುಮಕ್ಕಳನ್ನೂ ಅನುಭವ ಮಂಟಪದಲ್ಲಿ ಸಮನಾಗಿ ಕೂರಿಸಿದವರು ಬ್ರಿಟನ್ನಿನ ಶಾಸನಸಭೆ ಕಾಣುವಷ್ಟು ಸಮೀಪದಲ್ಲಿ ಇದ್ದಾರೆ. ಅನೇಕ ಕನ್ನಡಿಗರು ಲಂಡನ್‌ಗೆ ಹೋದರೂ ಇದನ್ನು ನೋಡದೆ ಬರುತ್ತಾರೆ, ಏಕೆಂದರೆ ಪ್ರವಾಸಿ ಬಸ್ಸುಗಳು ಇಲ್ಲಿ ಇಳಿಸುವುದಿಲ್ಲ. ವೆಸ್ಟ್‌ಮಿನ್ಸ್ಟರ್ ಸೇತುವೆಯಿಂದ ವಾಕ್ಸ್‌ಹಾಲ್‌ವರೆಗೆ ಒಟ್ಟು ನಡಿಗೆ ಸುಮಾರು ಎರಡು ಕಿಲೋಮೀಟರ್, ಸಮತಟ್ಟಾದ ದಾರಿ, ನಡುನಡುವೆ ಕುಳಿತುಕೊಳ್ಳಲು ಬೆಂಚುಗಳಿವೆ. ವಾಕ್ಸ್‌ಹಾಲ್ ಬಸ್ ನಿಲ್ದಾಣದಿಂದ 36ನೆಯ ಬಸ್ ನೇರವಾಗಿ ಪ್ಯಾಡಿಂಗ್ಟನ್‌ಗೆ ಹೋಗುತ್ತದೆ. ಅಲ್ಲಿ ವೇಗದ ರೈಲು ಹತ್ತಿದರೆ ಅರ್ಧ ಗಂಟೆಯಲ್ಲಿ ರೆಡಿಂಗ್.

ಈಗ ಮಗಳ ಪ್ರಶ್ನೆ. ದಾರಿ ತಪ್ಪುವುದು ಅಲ್ಲಿ ದೊಡ್ಡ ಅನಾಹುತವಲ್ಲ. ಮುಂದಿನ ಸ್ಟಾಪ್ ಯಾವುದೆಂದು ಬಸ್ಸಿನೊಳಗೆ ಧ್ವನಿಯಲ್ಲೂ ಅಕ್ಷರದಲ್ಲೂ ತಿಳಿಸುತ್ತಾರೆ. ತೀರಾ ಗೊಂದಲವಾದರೆ ಕಪ್ಪು ಟ್ಯಾಕ್ಸಿಗೆ ಕೈ ತೋರಿಸಿ ‘ಪ್ಯಾಡಿಂಗ್ಟನ್ ಸ್ಟೇಷನ್’ ಎನ್ನಿ. ಆ ಚಾಲಕರು ನಗರದ ನಡುಭಾಗದ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾದವರು, ಕಾರ್ಡ್ ತೆಗೆದುಕೊಳ್ಳಲೇಬೇಕೆಂಬ ನಿಯಮವೂ ಇದೆ. ಬಾಡಿಗೆ ದುಬಾರಿಯಾಗುತ್ತದೆ, ಆದರೆ ಆ ದಾರಿ ಇದೆ ಎಂಬ ಧೈರ್ಯ ಇಡೀ ದಿನ ನಿಮ್ಮ ಜೊತೆಗಿರುತ್ತದೆ. ಮಾತಿನ ಧಾಟಿ ಅರ್ಥವಾಗದಿದ್ದರೆ ಹೋಗಬೇಕಾದ ಜಾಗದ ಹೆಸರನ್ನು ಕಾಗದದಲ್ಲಿ ಬರೆದು ತೋರಿಸಿ, ಅವರು ಕೈ ಮಾಡಿ ತೋರಿಸುತ್ತಾರೆ. 2021ರ ಜನಗಣತಿಯ ಪ್ರಕಾರ ಲಂಡನ್ನಿಗರಲ್ಲಿ ಹತ್ತಕ್ಕೆ ನಾಲ್ವರು ಹೊರದೇಶಗಳಲ್ಲಿ ಹುಟ್ಟಿದವರು. ಬಿಡಿಸಿ ಬಿಡಿಸಿ ಇಂಗ್ಲಿಷ್ ಆಡುವವರಿಗೆ ಅಲ್ಲಿ ಯಾರೂ ಅಚ್ಚರಿಪಡುವುದಿಲ್ಲ.

ನಾನು ನಿಜವಾಗಿ ಎಚ್ಚರಿಸುವುದು ಮೊಬೈಲ್ ಬಗ್ಗೆ. ವಿದ್ಯುತ್ ಸೈಕಲ್ಲಿನಲ್ಲಿ ಫುಟ್‌ಪಾತಿನ ಅಂಚಿಗೆ ಬಂದು ಕೈಯಲ್ಲಿರುವ ಫೋನ್ ಕಿತ್ತುಕೊಂಡು ಹೋಗುವವರ ಹಾವಳಿ ಲಂಡನ್‌ನಲ್ಲಿದೆ. ನಕ್ಷೆ ನೋಡಬೇಕಾದಾಗ ರಸ್ತೆಯಂಚಿನಿಂದ ಸರಿದು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ಇಲ್ಲವೇ ಅಂಗಡಿಯೊಳಗೆ ಹೋಗಿ. ಮಗಳ ನಂಬರ್ ಮತ್ತು ಮನೆಯ ವಿಳಾಸ ಕಾಗದದ ಮೇಲೂ ಇರಲಿ, ಪಾಸ್‌ಪೋರ್ಟಿನ ಬದಲು ಅದರ ನಕಲು ಸಾಕು. ಮ್ಯೂಸಿಯಂ ಬಿಡುವಾಗ, ಬಸವಣ್ಣನವರ ಪ್ರತಿಮೆ ತಲುಪಿದಾಗ, ಪ್ಯಾಡಿಂಗ್ಟನ್‌ನಲ್ಲಿ ರೈಲು ಹತ್ತುವಾಗ ಒಂದೊಂದು ಸಂದೇಶ ಕಳಿಸುತ್ತೇನೆಂದು ಮಗಳಿಗೆ ಮಾತು ಕೊಡಿ. ಆಗ ಅವಳು ಗಂಟೆಗೊಮ್ಮೆ ಕರೆ ಮಾಡುವುದಿಲ್ಲ.

ಪ್ರಶ್ನೆ: ನಾನು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿ. ಲಂಡನ್‌ನಲ್ಲಿ ಒಬ್ಬಳೇ ಒಂದು ದಿನ ತಿರುಗಾಡುವಾಗ ಊಟಕ್ಕೆ ಏನು ಮಾಡಲಿ? ಹೋಟೆಲಿನಲ್ಲಿ ಒಂಟಿಯಾಗಿ ಕೂರಲು ಮುಜುಗರವಾಗುತ್ತದೆ.
— ಓದುಗರೊಬ್ಬರು, ಉಡುಪಿ

ಉತ್ತರ: ನಮ್ಮ ಪೊಟ್ಟಣಗಳ ಮೇಲಿರುವ ಹಸಿರು ಚುಕ್ಕೆಯನ್ನು ಅಲ್ಲಿ ಹುಡುಕಬೇಡಿ. ‘ವೆಜಿಟೇರಿಯನ್’ ಎಂದು ಬರೆದಿದ್ದರೆ ಮಾಂಸ, ಮೀನು ಇಲ್ಲವೆಂದಷ್ಟೇ ಅರ್ಥ, ಮೊಟ್ಟೆ ಇರಬಹುದು. ಸ್ಯಾಂಡ್‌ವಿಚ್‌ಗೆ ಸವರುವ ಮೇಯೊನೀಸ್‌ನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ‘ವೀಗನ್’ ಎಂದಿರುವುದನ್ನು ಆರಿಸಿಕೊಂಡರೆ ಹಾಲು, ಮೊಟ್ಟೆ ಎರಡೂ ಇರುವುದಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಮೊಟ್ಟೆ, ಹಾಲು, ಗೋಧಿಯಂಥ ಅಲರ್ಜಿ ತರುವ ವಸ್ತುಗಳನ್ನು ಎದ್ದು ಕಾಣುವಂತೆ, ಸಾಮಾನ್ಯವಾಗಿ ದಪ್ಪಕ್ಷರದಲ್ಲಿ, ಮುದ್ರಿಸುವುದು ಕಡ್ಡಾಯವಾದ್ದರಿಂದ ಕಣ್ಣಾಡಿಸಿದರೆ ಸಾಕು. ಸೂಪರ್ ಮಾರ್ಕೆಟ್ಟುಗಳಲ್ಲಿ ಸ್ಯಾಂಡ್‌ವಿಚ್, ತಿಂಡಿ, ಪಾನೀಯ ಮೂರನ್ನೂ ಸೇರಿಸಿ ಕಡಿಮೆ ಬೆಲೆಗೆ ಕೊಡುತ್ತಾರೆ.

ಬಿಸಿಯೂಟ ಬೇಕೆಂದರೆ ಯೂಸ್ಟನ್ ನಿಲ್ದಾಣದ ಪಕ್ಕದ ಡ್ರಮಂಡ್ ಸ್ಟ್ರೀಟಿಗೆ ಹೋಗಿ. ಚಿಕ್ಕ ಬೀದಿ, ದೋಸೆ, ಭೇಲ್‌ಪುರಿ ಸಿಗುವ ಭಾರತೀಯ ಸಸ್ಯಾಹಾರಿ ಹೋಟೆಲುಗಳು ಅಲ್ಲಿ ದಶಕಗಳಿಂದ ಇವೆ. ಬ್ರಿಟಿಷ್ ಮ್ಯೂಸಿಯಂನಿಂದ ನಡೆದರೆ ಇಪ್ಪತ್ತು ನಿಮಿಷ. ಒಂಟಿಯಾಗಿ ಕುಳಿತು ಉಣ್ಣುವವರು ಲಂಡನ್‌ನಲ್ಲಿ ಪ್ರತಿ ಹೋಟೆಲಿನಲ್ಲಿ ಕಾಣುತ್ತಾರೆ, ನಿಮ್ಮನ್ನು ಯಾರೂ ತಿರುಗಿ ನೋಡುವುದಿಲ್ಲ. ಮಧ್ಯಾಹ್ನ ಒಂದು ಗಂಟೆಯ ಗದ್ದಲ ಕಳೆದ ಮೇಲೆ ಹೋದರೆ ಮೇಜು ಬಿಟ್ಟುಕೊಡಬೇಕೆಂಬ ಅವಸರವೂ ಇರುವುದಿಲ್ಲ. ನಲ್ಲಿ ನೀರು ಕುಡಿಯಲು ಯೋಗ್ಯ. ಮದ್ಯ ಮಾರುವ ಪರವಾನಗಿ ಇರುವ ಹೋಟೆಲುಗಳು ಕೇಳಿದವರಿಗೆ ನಲ್ಲಿ ನೀರನ್ನು ಉಚಿತವಾಗಿ ಕೊಡಬೇಕೆಂಬುದು ಇಂಗ್ಲೆಂಡಿನ ಕಾನೂನು, ಆದ್ದರಿಂದ ಬಾಟಲಿ ನೀರಿಗೆ ಹಣ ಸುರಿಯಬೇಡಿ. 1888ರಲ್ಲಿ ಕಾನೂನು ಓದಲು ಬಂದ ಗಾಂಧೀಜಿ ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು ಸಸ್ಯಾಹಾರಿ ಹೋಟೆಲು ಹುಡುಕುತ್ತಿದ್ದರು, ಕೊನೆಗೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಒಂದು ಸಿಕ್ಕಿತು. ಇಂದು ಅಷ್ಟು ಕಷ್ಟವಿಲ್ಲ.

ಪ್ರಶ್ನೆ: ಕಂಪನಿಯ ಕೆಲಸಕ್ಕೆ ಲಂಡನ್‌ಗೆ ಹೋಗುತ್ತಿದ್ದೇನೆ. ಜುಲೈ ತಿಂಗಳ ಒಂದು ಭಾನುವಾರ ಪೂರ್ತಿ ಬಿಡುವಿದೆ. ಲಂಡನ್ ಟವರ್, ಸೇಂಟ್ ಪಾಲ್ಸ್, ವೆಸ್ಟ್‌ಮಿನ್ಸ್ಟರ್ ಅಬ್ಬೆ, ಬಕಿಂಗ್‌ಹ್ಯಾಮ್ ಅರಮನೆ, ಲಂಡನ್ ಐ, ಎರಡು ಮ್ಯೂಸಿಯಂ, ಗ್ರೀನಿಚ್ ಎಲ್ಲವನ್ನೂ ಸೇರಿಸಿ ಗಂಟೆಗಂಟೆಯ ವೇಳಾಪಟ್ಟಿ ಮಾಡಿಕೊಂಡಿದ್ದೇನೆ. ಸಾಧ್ಯವೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಸಾಧ್ಯವಿಲ್ಲ. ಭಾನುವಾರ ವೆಸ್ಟ್‌ಮಿನ್ಸ್ಟರ್ ಅಬ್ಬೆಯಲ್ಲೂ ಸೇಂಟ್ ಪಾಲ್ಸ್‌ನಲ್ಲೂ ಪ್ರಾರ್ಥನೆ ನಡೆಯುತ್ತದೆ, ಪ್ರವಾಸಿಗರಿಗೆ ಸುತ್ತಾಡಲು ತೆರೆದಿರುವುದಿಲ್ಲ. ನಿಮ್ಮ ಪಟ್ಟಿಯ ಕೊನೆಯಲ್ಲಿರುವ ಗ್ರೀನಿಚ್ ಒಂದನ್ನೇ ಇಟ್ಟುಕೊಂಡು ಉಳಿದೆಲ್ಲವನ್ನೂ ಬಿಡಿ ಎಂದು ಹೇಳುತ್ತೇನೆ. ಕೆಲಸಕ್ಕೆಂದು ಹೋದವರಿಗೆ ಲಂಡನ್‌ಗೆ ಮತ್ತೆ ಹೋಗುವ ಸಂದರ್ಭ ಬರುವುದು ಅಪರೂಪವೇನಲ್ಲ.

‘ಬ್ಯಾಂಕ್’ ಎಂಬ ಹೆಸರಿನ ನಿಲ್ದಾಣದಿಂದ ಡಿಎಲ್‌ಆರ್ (ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ) ರೈಲು ಹಿಡಿಯಿರಿ. ಚಾಲಕರ ಕೋಣೆಯೇ ಇಲ್ಲದ ರೈಲು ಅದು, ಮುಂದಿನ ಸೀಟು ಸಿಕ್ಕರೆ ಹಳಿಯೂ ಹಳೆಯ ಹಡಗುಕಟ್ಟೆಗಳ ಜಾಗದಲ್ಲಿ ಎದ್ದಿರುವ ಗಗನಚುಂಬಿ ಕಟ್ಟಡಗಳೂ ಎದುರಿಗೇ ಬರುತ್ತವೆ. ಗ್ರೀನಿಚ್‌ವರೆಗೆ ಹೋಗದೆ ನದಿಯ ಈಚೆ ದಡದ ಐಲೆಂಡ್ ಗಾರ್ಡನ್ಸ್‌ನಲ್ಲಿ ಇಳಿಯಿರಿ. ಅಲ್ಲಿ ಗಾಜಿನ ಗುಮ್ಮಟದ ಪುಟ್ಟ ದುಂಡು ಕಟ್ಟಡವಿದೆ. ಅದರೊಳಗಿಂದ ಕೆಳಗಿಳಿದರೆ ಥೇಮ್ಸ್ ನದಿಯ ಅಡಿಯಲ್ಲಿ ನಡೆದು ದಾಟುವ ಸುರಂಗ. ಆಚೆ ದಡದಲ್ಲಿ ವಾಸವಿದ್ದ ಕಾರ್ಮಿಕರು ಈಚೆ ದಡದ ಹಡಗುಕಟ್ಟೆಗಳಿಗೆ ಕೆಲಸಕ್ಕೆ ಹೋಗಿಬರಲೆಂದು 1902ರಲ್ಲಿ ತೆರೆದದ್ದು. ಬಿಳಿ ಹೆಂಚು ಹೊದಿಸಿದ ಕಿರಿದಾದ ಕೊಳವೆಯಲ್ಲಿ ಹೆಜ್ಜೆಯ ಸದ್ದು ಮೊಳಗುತ್ತದೆ. ಆಚೆ ದಡದಲ್ಲಿ ಮೇಲೆ ಬಂದರೆ ಚಹಾ ಸಾಗಿಸುತ್ತಿದ್ದ ಕಟಿ ಸಾರ್ಕ್ ಹಾಯಿಹಡಗು ಕಣ್ಮುಂದೆ ನಿಂತಿರುತ್ತದೆ.

ಉದ್ಯಾನದ ದಿಬ್ಬ ಹತ್ತಿ ರಾಯಲ್ ಅಬ್ಸರ್ವೇಟರಿಗೆ ಹೋಗಿ. 1884ರ ಅಂತರರಾಷ್ಟ್ರೀಯ ಸಮ್ಮೇಳನ ಸೊನ್ನೆ ರೇಖಾಂಶವೆಂದು ಒಪ್ಪಿದ ಗೆರೆ ಇಲ್ಲಿ ಹಾದುಹೋಗುತ್ತದೆ. ಒಳಗೆ ಹೋಗಲು ಟಿಕೆಟ್ ಇದೆ; ಸಮುದ್ರದಲ್ಲಿ ರೇಖಾಂಶ ತಿಳಿಯುವ ಸಮಸ್ಯೆಯನ್ನು ಬಿಡಿಸಿದ ಜಾನ್ ಹ್ಯಾರಿಸನ್ನನ ಗಡಿಯಾರಗಳು ಒಳಗಿರುವುದರಿಂದ ಆ ಹಣ ವ್ಯರ್ಥವಲ್ಲ. ಹೊರಗೋಡೆಯಲ್ಲಿರುವ 1852ರ ಗಡಿಯಾರವನ್ನು ಟಿಕೆಟ್ ಇಲ್ಲದೆಯೇ ನೋಡಬಹುದು. ಅದರ ಮುಖದಲ್ಲಿ 12ರ ಬದಲು 24 ಗಂಟೆಗಳ ಅಂಕಿಗಳಿವೆ, ಹೀಗಾಗಿ ಮಧ್ಯಾಹ್ನ ಹನ್ನೆರಡಕ್ಕೆ ಗಂಟೆಯ ಮುಳ್ಳು ನೇರ ಕೆಳಗೆ ತೋರಿಸುತ್ತದೆ. ಬೇಸಿಗೆಯಲ್ಲಿ ಬ್ರಿಟನ್ನಿನ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಿಟ್ಟರೂ ಇದನ್ನು ಮುಟ್ಟುವುದಿಲ್ಲ. ಜುಲೈನಲ್ಲಿ ನಿಮ್ಮ ಕೈಗಡಿಯಾರಕ್ಕಿಂತ ಅದು ಒಂದು ಗಂಟೆ ಹಿಂದಿರುತ್ತದೆ. ವರ್ಷದ ಯಾವ ದಿನವಾದರೂ ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಿಮ್ಮ ಮನೆಯ ಗೋಡೆಯ ಮೇಲಿನ ಸಮಯ ಸಿಗುತ್ತದೆ. ಛಾವಣಿಯ ಕಂಬದ ಮೇಲಿನ ಕೆಂಪು ಚೆಂಡು, ಜೋರು ಗಾಳಿ ಇಲ್ಲದ ದಿನಗಳಲ್ಲಿ, ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಕೆಳಗೆ ಬೀಳುತ್ತದೆ. ನದಿಯಲ್ಲಿದ್ದ ಹಡಗುಗಳವರು ಅದನ್ನು ನೋಡಿ ಗಡಿಯಾರ ಸರಿಪಡಿಸಿಕೊಳ್ಳಲೆಂದು 1833ರಲ್ಲಿ ಶುರುವಾದ ಏರ್ಪಾಡು. ಐದು ನಿಮಿಷ ಮುಂಚೆ ಅರ್ಧಕ್ಕೆ ಏರಿ ನಿಲ್ಲುವಾಗಲೇ ನೋಡುತ್ತಿರಿ, ಬೀಳುವುದು ಕ್ಷಣಮಾತ್ರದ ಕೆಲಸ.

ದಿಬ್ಬದ ಕೆಳಗಿನ ಕಡಲಯಾನ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ, ದಣಿವಾಗಿರದಿದ್ದರೆ ಹೋಗಬಹುದು. ಮರಳುವಾಗ ಗ್ರೀನಿಚ್ ಕಟ್ಟೆಯಿಂದ ವೆಸ್ಟ್‌ಮಿನ್ಸ್ಟರ್‌ಗೆ ದೋಣಿಯಲ್ಲಿ ಹೋಗಿ. ಕಾರ್ಡ್ ತಾಗಿಸಿದರೆ ಆಯಿತು. ದೋಣಿ ಟವರ್ ಸೇತುವೆಯ ಕೆಳಗೆ ಹಾದು, ಲಂಡನ್ ಟವರ್, ಸೇಂಟ್ ಪಾಲ್ಸ್ ಗುಮ್ಮಟ, ಲಂಡನ್ ಐ ಎಲ್ಲವನ್ನೂ ನೀರಿನ ಮೇಲಿಂದ ತೋರಿಸುತ್ತದೆ. ಜುಲೈನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ, ಅವಸರವೇ ಬೇಡ. ಇದೇ ದಿನವನ್ನು ಡಿಸೆಂಬರ್‌ನಲ್ಲಿ ಯೋಜಿಸುವವರು ಸಂಜೆ ನಾಲ್ಕರ ಸುಮಾರಿಗೇ ಸೂರ್ಯ ಮುಳುಗುತ್ತಾನೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಪ್ರಶ್ನೆ: ಟಿಪ್ಪು ಸುಲ್ತಾನನ ಹುಲಿ ಯಂತ್ರವನ್ನು ನೋಡಬೇಕೆಂದು ಚಿಕ್ಕಂದಿನಿಂದ ಆಸೆ. ಒಬ್ಬನೇ ಇರುತ್ತೇನೆ, ಅರ್ಧ ದಿನ ಮಾತ್ರ ಸಮಯ. ಎಲ್ಲಿದೆ, ಹೇಗೆ ಹೋಗಬೇಕು?
— ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ನಿಮ್ಮೂರಿನಿಂದಲೇ ಹೋದ ವಸ್ತು ಅದು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ ಮೇಲೆ ಅರಮನೆಯಿಂದ ಕೊಂಡೊಯ್ದ ಸಾಮಗ್ರಿಗಳಲ್ಲಿ ಸೇರಿ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಗೆ ಹೋಯಿತು. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಸೊತ್ತು. ಪ್ರವೇಶ ಉಚಿತ. ಸೌತ್ ಕೆನ್ಸಿಂಗ್‌ಟನ್ ನಿಲ್ದಾಣದಲ್ಲಿ ಇಳಿದರೆ ಮಳೆಯಲ್ಲೂ ನೆನೆಯದೆ ನೆಲದಡಿಯ ಕಾಲುದಾರಿಯಲ್ಲೇ ಮ್ಯೂಸಿಯಂ ಮುಟ್ಟಬಹುದು. ಮೊದಲು ಮಾತ್ರ ಒಂದು ಕೆಲಸ ಮಾಡಿ: ಗ್ಯಾಲರಿಗಳನ್ನು ನವೀಕರಣಕ್ಕೆ ಮುಚ್ಚಿ ವಸ್ತುಗಳನ್ನು ಬೇರೆಡೆಗೆ ಸಾಗಿಸುವುದುಂಟು, ಆದ್ದರಿಂದ ಮ್ಯೂಸಿಯಂನ ಜಾಲತಾಣದಲ್ಲಿ ಹುಲಿಯ ಪುಟವನ್ನು ತೆರೆದು ಅದು ಪ್ರದರ್ಶನದಲ್ಲಿದೆಯೇ, ಯಾವ ಕೊಠಡಿಯಲ್ಲಿದೆ ಎಂದು ಖಚಿತಪಡಿಸಿಕೊಂಡೇ ಹೊರಡಿ.

ಬಣ್ಣ ಬಳಿದ ಮರದ ಹುಲಿ ಯುರೋಪಿಯನ್ ಸಿಪಾಯಿಯ ಮೇಲೆ ಎರಗಿ ಗಂಟಲಿಗೆ ಬಾಯಿ ಹಾಕಿದೆ. ಪಕ್ಕೆಲುಬಿನ ಜಾಗದ ಮುಚ್ಚಳ ತೆರೆದರೆ ಒಳಗೆ ಆರ್ಗನ್ ವಾದ್ಯದ ಕೊಳವೆಗಳು ಮತ್ತು ದುಂಡನೆಯ ಗುಂಡಿಗಳು. ಭುಜದ ಹತ್ತಿರದ ಹಿಡಿಕೆ ತಿರುಗಿಸಿದರೆ ಸಿಪಾಯಿಯ ಕೈ ಮೇಲೆ ಕೆಳಗೆ ಆಡುತ್ತಿತ್ತು, ಅವನ ನರಳಾಟವೂ ಹುಲಿಯ ಗರ್ಜನೆಯೂ ಹೊರಡುತ್ತಿದ್ದವು. ಕಂಪನಿಯ ಕಾಲದಲ್ಲಿ ಬಂದವರೆಲ್ಲ ಹಿಡಿಕೆ ತಿರುಗಿಸುತ್ತಿದ್ದುದರಿಂದ ಪಕ್ಕದ ಗ್ರಂಥಾಲಯದಲ್ಲಿ ಓದುವವರಿಗೆ ಕಿರಿಕಿರಿಯಾಗುತ್ತಿತ್ತೆಂಬ ದಾಖಲೆಯಿದೆ. ಈಗ ಪ್ರೇಕ್ಷಕರು ಮುಟ್ಟುವಂತಿಲ್ಲ. ಯಂತ್ರ ಹೇಗೆ ಸದ್ದು ಮಾಡುತ್ತದೆ ಎಂಬ ವೀಡಿಯೋವನ್ನು ಮ್ಯೂಸಿಯಂ ಪ್ರಕಟಿಸಿದೆ, ಅದನ್ನು ಹೋಟೆಲಿನಲ್ಲಿಯೇ ಕೇಳಿಕೊಂಡು ಹೋದರೆ ಎದುರಿಗೆ ನಿಂತಾಗ ಕೆತ್ತನೆಯ ಕಡೆಗೆ ಪೂರ್ತಿ ಗಮನ ಕೊಡಬಹುದು. ಹುಲಿಯ ಮೈಮೇಲಿನ ಪಟ್ಟೆಗಳನ್ನು ದರಿಯಾ ದೌಲತ್ತಿನ ಗೋಡೆಗಳನ್ನು ದಿನವೂ ಕಾಣುವ ನಿಮ್ಮ ಕಣ್ಣಿನಿಂದ ನೋಡಿ. ಲಂಡನ್ನಿಗರಿಗೆ ಕಾಣದ್ದು ನಿಮಗೆ ಕಾಣಬಹುದೆಂದು ನಾನು ನಂಬಿದ್ದೇನೆ.

ಟಿಪ್ಪುವಿನ ಡೇರೆಯನ್ನೂ ನೋಡಬೇಕೆಂದು ಕೆಲವರು ಹೊರಡುತ್ತಾರೆ, ಅದು ವೇಲ್ಸ್‌ನ ಪೋವಿಸ್ ಕೋಟೆಯ ಸಂಗ್ರಹದಲ್ಲಿದೆ, ಅರ್ಧ ದಿನದಲ್ಲಿ ಆಗದು. ನಿಮ್ಮ ಅರ್ಧ ದಿನ ಶುಕ್ರವಾರದ ಮಧ್ಯಾಹ್ನವಾದರೆ ಅನುಕೂಲ ಹೆಚ್ಚು, ಏಕೆಂದರೆ ಉಳಿದ ದಿನಗಳಲ್ಲಿ ಸಂಜೆ ಮುಚ್ಚುವ ಈ ಮ್ಯೂಸಿಯಂ ಶುಕ್ರವಾರ ಮಾತ್ರ ರಾತ್ರಿಯವರೆಗೆ ತೆರೆದಿರುತ್ತದೆ, ಶಾಲಾ ಮಕ್ಕಳ ತಂಡಗಳು ಹೊರಟುಹೋದ ಮೇಲೆ ಕೊಠಡಿಗಳಲ್ಲಿ ಜನರೂ ಕಡಿಮೆ.